ರವೆಯ ಮದ್ದು, ಸಾಸಿವೆಯ ಚರೆ

ಐರ್ಲೆಂಡಿನಲ್ಲಿ ನಮ್ಮಪ್ಪ ತುಂಬಿದ ಮೊದಲ ಕೋವಿ ತೋಟೆಗೆ ಮದ್ದಿನ ಬದಲು ಬಿದ್ದದ್ದು ನನ್ನ ಉಪ್ಪಿಟ್ಟಿನ ರವೆ, ಚರೆಯ ಬದಲು ಬಿದ್ದದ್ದು ನನ್ನ ಸಾಸಿವೆ. ರವೆ ಹಾಳಾಗಿ ಹೋಗಲಿ. ಆ ಸಾಸಿವೆ ಮಾತ್ರ ನನ್ನ ಹೊಟ್ಟೆ ಉರಿಸಿತು. ನಾವಿರೋದು ಕಿಲ್ಕೆನ್ನಿಯ ಹೊರಗೆ, ಬಾರ್ಲಿ ಹೊಲದ ಪಕ್ಕದ ಒಂದು ಬಾಡಿಗೆ ಮನೆಯಲ್ಲಿ. ಸಾಸಿವೆ, ರವೆ, ತೊಗರಿಬೇಳೆ ಎಲ್ಲಾ ತರೋದು ಬ್ಲಾಂಚರ್ಡ್ಸ್‌ಟೌನಿನ ಇಂಡಿಯನ್ ಅಂಗಡಿಯಿಂದ. ಮನೆಯಿಂದ ಎರಡು ಕಿಲೋಮೀಟರ್ ಆಚೆ ಕಾಲಿಡಬೇಡಿ ಅಂತ ಸರ್ಕಾರ ಹೇಳಿದ್ದ ಆ ದಿನಗಳಲ್ಲಿ ಬ್ಲಾಂಚರ್ಡ್ಸ್‌ಟೌನ್ ಒಂದೇ, ಚಂದ್ರಲೋಕ ಒಂದೇ. ಡಬ್ಬಿಯಲ್ಲಿ ಉಳಿದಿದ್ದ ಅರ್ಧ ಕೆಜಿ ಸಾಸಿವೆಯನ್ನ ನಾನು ಒಗ್ಗರಣೆಗೆ ಎಣಿಸಿ ಎಣಿಸಿ ಹಾಕ್ತಿದ್ದೆ. ಒಂದು ಬೆಳಿಗ್ಗೆ ನೋಡ್ತೀನಿ, ಡಬ್ಬಿ ಖಾಲಿ. ಮೇಜಿನ ಮೇಲೆ ಕೆಂಪು ತೋಟೆಗಳ ಸಾಲು. ಅದರ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನಮ್ಮಪ್ಪ.

"ಮಾತಾಡಬೇಡ ಮಾರಾಯ್ತಿ, ಕೆಲಸ ನಡೀತಾ ಉಂಟು," ಅಂದರು.

ಏನು ಕೆಲಸ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮೂರು ಸುಳ್ಯಕ್ಕೂ ಮಡಿಕೇರಿಗೂ ನಡುವೆ. ಅಲ್ಲಿ ಬಾಳೆಗೆ ಮಂಗ, ಗೆಣಸಿಗೆ ಹಂದಿ. ಹಾಗಾಗಿ ಬೆಳೆ ಕಾಯೋಕೆ ಅಂತ ನಮ್ಮ ಮನೆಯಲ್ಲಿ ಲೈಸೆನ್ಸಿನ ಕೋವಿ ಇದೆ. ಕೋವಿಗೆ ಹಾಕುವ ಕಾರ್ಟ್ರಿಜ್‌ಗೆ ನಾವು ತೋಟೆ ಅಂತೀವಿ. ಒಮ್ಮೆ ಹೊಡೆದ ತೋಟೆಯ ಖಾಲಿ ಕೊಳವೆಗೆ ಮತ್ತೆ ಸಿಡಿಮದ್ದು, ಚರೆ ಅನ್ನೋ ಸಣ್ಣ ಸೀಸದ ಗುಂಡು ತುಂಬಿ ಬಳಸೋದು ಅಜ್ಜನ ಕಾಲದಿಂದ ಬಂದ ರೂಢಿ. ಅಪ್ಪ ಆ ಕೆಲಸ ಕಲಿತದ್ದು ಅಜ್ಜನ ಎದುರು ಕೂತು. ಊರಲ್ಲಿ ಹೆಸರಿತ್ತು. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಮಡಿಕೇರಿ ಕಡೆಯ ನೆಂಟರಲ್ಲಿ ಕೋವಿಪೂಜೆ ಮುಗಿದ ಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ ಇರ್ತದೆ. ಅಪ್ಪ ಅದರಲ್ಲಿ ಗೆದ್ದ ಕಾಯಿಗಳ ಲೆಕ್ಕ ಕೇಳಬೇಡಿ, ಕೇಳಿದರೆ ಮಧ್ಯಾಹ್ನದ ಊಟ ಸಂಜೆ ಆಗ್ತದೆ.

ಈ ತುಂಬುವ ಕೆಲಸಕ್ಕೆ ಅಪ್ಪನ ಕಾನೂನುಗಳಿದ್ದವು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಅದರ ಮುಚ್ಚಳ ಹಾಕದೆ ಇನ್ನೊಂದು ಡಬ್ಬಿ ಮುಟ್ಟುವ ಹಾಗಿಲ್ಲ. ಒಲೆ ಉರಿಯೋ ಕೋಣೆಯಲ್ಲಿ ಇಲ್ಲ, ಬೀಡಿ ಸೇದೋರು ಅಂಗಳದಿಂದಾಚೆ. ನಿದ್ದೆ ಬಂದಾಗ ಇಲ್ಲ, ಸಿಟ್ಟು ಬಂದಾಗ ಇಲ್ಲ. ತುಂಬುವವ ಒಬ್ಬ, ಎದುರು ಕೂತು ನೋಡುವವ ಒಬ್ಬ. ಎಲ್ಲಕ್ಕಿಂತ ದೊಡ್ಡದು ಇದು: ಮದ್ದು ಹಾಕುವ ಹೊತ್ತಿಗೆ ಯಾರಾದರೂ ಕರೆದರೆ, ಕೈಯಲ್ಲಿರುವ ತೋಟೆಯನ್ನ ಪೂರ್ತಿ ಖಾಲಿ ಮಾಡಿ ಮೊದಲಿಂದ ಶುರು ಮಾಡಬೇಕು. ಯಾಕಂದ್ರೆ ಕರೆದವರಿಗೆ ಉತ್ತರ ಕೊಟ್ಟು ತಿರುಗಿದಾಗ ಮನುಷ್ಯನಿಗೆ ಹಾಕಿದ್ದೀನೋ ಇಲ್ವೋ ಅನ್ನೋದು ಮರೆತುಹೋಗ್ತದೆ. ಮರೆತು ಇನ್ನೊಂದು ಅಳತೆ ಹಾಕಿದರೆ ಕೋವಿ ಮಂಗನಿಗಿಂತ ಮೊದಲು ಹೊಡೆದವನನ್ನೇ ನೋಡಿಕೊಳ್ತದೆ.

ನಲವತ್ತು ವರ್ಷ ಎದುರು ಕೂತು ನೋಡಿದ್ದು ನಮ್ಮಮ್ಮ. ಮಡಿಲಲ್ಲಿ ಬೀನ್ಸ್ ಇಟ್ಟುಕೊಂಡು ನಾರು ತೆಗೀತಾ, ಕಣ್ಣು ಮಾತ್ರ ಅಪ್ಪನ ಕೈ ಮೇಲೆ. "ಹಾಕಿದಿರಿ," "ಹಾಕಿಲ್ಲ," "ಅದು ಎರಡಾಯ್ತು, ಚೆಲ್ಲಿ." ಇಷ್ಟೇ ಮಾತು. ಅಮ್ಮ ತೀರಿಕೊಂಡ ಮಾರನೇ ವರ್ಷ ಅಪ್ಪ ಒಬ್ಬರೇ ಕೂತು ತುಂಬಿದರು. ಅದರಲ್ಲಿ ಒಂದನ್ನ ನಮ್ಮಣ್ಣ ಮಂಗ ಓಡಿಸೋಕೆ ಅಂತ ಹೊಡೆದ. ಕೋವಿಯ ನಳಿಗೆ ಉಬ್ಬಿತು, ಅಣ್ಣನ ಭುಜ ಒಂದು ವಾರ ನೇರಳೆ ಬಣ್ಣ, ಕಿವಿ ಮೂರು ದಿನ ಗುಂಯ್ ಅಂತಿತ್ತು. ದೇವರು ದೊಡ್ಡವನು, ಅಷ್ಟಕ್ಕೇ ಮುಗೀತು. ಅಪ್ಪ ಮಾತ್ರ ಮದ್ದು ಹಳೇದಾಗಿತ್ತು ಅಂದರು, ಕೊಳವೆ ಸರಿ ಇರಲಿಲ್ಲ ಅಂದರು, ಅಣ್ಣ ಹಿಡಿದದ್ದೇ ಸರಿ ಇಲ್ಲ ಅಂದರು. ಅಣ್ಣ ವಾದಕ್ಕೆ ಇಳೀಲಿಲ್ಲ. ಕೋವಿ ರಿಪೇರಿ ಮಾಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಯನ್ನ ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಅಪ್ಪ ಅಣ್ಣನ ಜೊತೆ ಮಾತು ಬಿಟ್ಟರು. ಇಬ್ಬರ ಮಧ್ಯೆ ಅತ್ತಿಗೆಗೆ ಸಾಕಾಗಿ ಹೋಯ್ತು. ಕೊನೆಗೆ ಗಾಳಿ ಬದಲಾವಣೆ ಆಗಲಿ ಅಂತ 2020ರ ಫೆಬ್ರವರಿಯಲ್ಲಿ ಅಪ್ಪನನ್ನ ಎರಡು ತಿಂಗಳಿಗೆ ನನ್ನ ಹತ್ತಿರ ಕಳಿಸಿದರು. ಗಾಳಿ ಬದಲಾದದ್ದು ಇಡೀ ಪ್ರಪಂಚಕ್ಕೆ. ಮಾರ್ಚಿನಲ್ಲಿ ವಿಮಾನ ನಿಂತವು. ಎಪ್ಪತ್ತು ದಾಟಿದವರು ಹೊಸ್ತಿಲು ದಾಟಬಾರದು ಅಂತ ಇಲ್ಲಿನ ಸರ್ಕಾರ ಹೇಳಿತು. ಅದಕ್ಕೆ ಇವರು ಇಟ್ಟ ಹೆಸರು ಕಕೂನಿಂಗ್, ಅಂದರೆ ರೇಷ್ಮೆಹುಳದ ಹಾಗೆ ಗೂಡಿನೊಳಗೆ ಇರೋದು. ಅಪ್ಪನಿಗೆ ಎಪ್ಪತ್ತೆರಡು. "ನನ್ನನ್ನು ಹುಳ ಅಂತ ಹೇಳಿದವ ಯಾರು?" ಅಂತ ಟಿವಿಯನ್ನ ಕೇಳಿದರು.

ನನ್ನ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋ ಕೆಲಸದವರು. ಆ ದಿನಗಳಲ್ಲಿ ಅವರು ಮನೆಗೆ ಬರ್ತಿದ್ದದ್ದು ಸ್ನಾನಕ್ಕೆ, ನಿದ್ದೆಗೆ ಅಷ್ಟೇ. ನಾನು ಔಷಧಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ಮಾತ್ರೆಗಳ ತೂಕದ ಪಟ್ಟಿ ನೋಡೋದು, ತಪ್ಪು ಹಿಡಿಯೋದು ನನ್ನ ಕೆಲಸ. ಮಾದರಿಗೆ ತೆಗೆದ ಮಾತ್ರೆಗಳಲ್ಲಿ ಒಂದು ಮಿತಿ ಮೀರಿ ಭಾರ ಬಂದರೂ ಇಡೀ ಬ್ಯಾಚನ್ನೇ ತಡೆದು ನಿಲ್ಲಿಸ್ತೀನಿ. ಈ ವಿಷಯದಲ್ಲಿ ನನಗೆ ಕರುಣೆ ಇಲ್ಲ ಅಂತ ಆಫೀಸಿನಲ್ಲೇ ಹೆಸರಿದೆ. ಲಾಕ್‌ಡೌನಿನಲ್ಲಿ ಆ ಪಟ್ಟಿಗಳನ್ನೆಲ್ಲ ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಕೂತು ನೋಡ್ತಿದ್ದೆ, ಯಾಕಂದ್ರೆ ಮನೆಯಲ್ಲಿ ನೆಟ್ಟಗೆ ವೈಫೈ ಸಿಗೋದು ಅಲ್ಲೊಂದೇ.

ಏಪ್ರಿಲಿನ ಒಂದು ಬೆಳಿಗ್ಗೆ ಹೊಲದ ಕಡೆಯಿಂದ ಢಂ ಅಂತ ಸದ್ದು ಬಂತು. ನಾನು ಬೆಚ್ಚಿದೆ. ಅಪ್ಪ ದೋಸೆ ಅರ್ಧಕ್ಕೇ ಬಿಟ್ಟು ಎದ್ದು ನಿಂತರು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಕಳೆ ನೋಡಿದೆ.

"ಹನ್ನೆರಡು ಬೋರಿನ ಕೋವಿ," ಅಂದವರೇ ಬರಿಗಾಲಲ್ಲಿ ಹಿತ್ತಿಲ ಗೋಡೆ ಹತ್ತಿರ ಹೋದರು. ಗೋಡೆಯ ಆಚೆ ಪಕ್ಕದ ಮನೆಯ ಮುದುಕ, ಬಿತ್ತಿದ ಬಾರ್ಲಿಗೆ ಎರಗುವ ಪಾರಿವಾಳ ಓಡಿಸ್ತಿದ್ದ. ಎಪ್ಪತ್ತೈದರ ಒಂಟಿ ಮನುಷ್ಯ, ಅವನೂ ಗೂಡಿನ ಹುಳವೇ. ಅಪ್ಪನಿಗೆ ಹೈಸ್ಕೂಲು ಇಂಗ್ಲಿಷು, ಅವನಿಗೆ ಬಾಯೊಳಗೇ ಉಳಿಯೋ ಇಂಗ್ಲಿಷು. ಆದರೂ ಎರಡು ಮೀಟರ್ ದೂರದಲ್ಲಿ ನಿಂತು ಒಂದು ಗಂಟೆ ಮಾತಾಡಿದರು. ಒಳಗೆ ಬಂದು, "ಒಳ್ಳೇ ಜನ. ಎಂತ ಕೇಳಿದರೂ ಗ್ರ್ಯಾಂಡ್ ಅಂತಾನೆ," ಅಂದರು. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಎಲ್ಲ ಚೆನ್ನಾಗಿದೆ ಅಂತ ಅಷ್ಟೇ. ಮಾರನೇ ದಿನ ಗೋಡೆಯ ಮೇಲೆ ಒಂದು ಗೊಬ್ಬರದ ಚೀಲ. ಅದರ ತುಂಬ ಹೊಡೆದು ಬಿಟ್ಟ ಖಾಲಿ ತೋಟೆ ಕೊಳವೆಗಳು.

ಇವನ್ನ ಮತ್ತೆ ತುಂಬ್ತೀನಿ ಅಂದರು ಅಪ್ಪ. ಓಡಿಹೋಗಿ ಗೋಡೆಯ ಮೇಲಿಂದ ಆ ಮುದುಕನನ್ನೇ ಕೇಳಿದೆ, ನಮ್ಮಪ್ಪ ಇದನ್ನ ತುಂಬ್ತೀನಿ ಅಂತಾರೆ, ಇಲ್ಲಿ ಅದೆಲ್ಲ ಮಾಡಬಹುದಾ ಅಂತ. ಆತ ಟೋಪಿ ಹಿಂದಕ್ಕೆ ಸರಿಸಿ, "ಅಯ್ಯೋ ಇಲ್ಲಮ್ಮ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತುಂಬೋ ಹಾಗೇ ಇಲ್ಲ. ನಾನೇ ಅಂಗಡಿಯಿಂದ ತರೋದು. ನಿಮ್ಮಪ್ಪನಿಗೂ ಹೇಳಿದ್ದೀನಿ. ಆಟಕ್ಕೆ ಬೇಕು ಅಂದರು," ಅಂದ.

ಆಟವಂತೆ. ಒಳಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ನಮ್ಮ ವೀಸಾ, ಕೆಲಸ, ಎಲ್ಲ ಗಂಟುಮೂಟೆ ಕಟ್ಟಿಸೋಕೆ ಬಂದಿದ್ದೀರಾ ನೀವು? ಊರಲ್ಲಿ ಅಣ್ಣನ ಭುಜ ಜಜ್ಜಿದ್ದು ಸಾಲದಾ?"

ಆ ಕೊನೆಯ ಮಾತು ಆಡಬಾರದಿತ್ತು. ಅಪ್ಪ ಚೀಲದ ಬಾಯಿ ಕಟ್ಟಿದರು. "ಒಂದು ಕಾಳು ಮದ್ದು ಮುಟ್ಟುವುದಿಲ್ಲ. ಕೈ ಸರಿ ಉಂಟಾ ಅಂತ ನೋಡಬೇಕು ನನಗೆ, ಅಷ್ಟೇ," ಅಂದರು. ನನಗೆ ಬೇಜಾರಾಯ್ತು. ಬೇಜಾರಾದಾಗ ನಾನು ಜನರಿಗೆ ಫೋನ್ ಹಚ್ತೀನಿ. ಅಣ್ಣನಿಗೆ ಹಚ್ಚಿದೆ. ಫೋನ್ ಸ್ಪೀಕರಿನಲ್ಲಿದೆ, ಅಪ್ಪ ಪಕ್ಕದಲ್ಲೇ ಕೇಳ್ತಿದ್ದಾರೆ ಅಂತ ಹೇಳೋಕೆ ಮರೆತೆ.

"ತುಂಬಲಿ ಬಿಡೇ," ಅಂದ ಅಣ್ಣ. "ಇಪ್ಪತ್ತೈದು ತೋಟೆ, ಮರಳೋ ಮಣ್ಣೋ ಏನಾದರೂ ತುಂಬಲಿ. ಇಪ್ಪತ್ತೈದೂ ಒಂದೇ ತೂಕ ಬಂದು ನೀನು ಸರ್ಟಿಫಿಕೇಟ್ ಕೊಟ್ಟರೆ, ಅಪ್ಪ ಬಂದ ದಿನವೇ ಕೀ ಬಿಚ್ಚಿ ಕೈಗೆ ಕೊಡ್ತೀನಿ. ಒಂದು ಹೆಚ್ಚು ಕಮ್ಮಿ ಆದರೂ ಇಲ್ಲ."

"ಆಗಲಿ," ಅಂದರು ಅಪ್ಪ ಫೋನಿಗೆ ಬಗ್ಗಿ. ಎಷ್ಟೋ ತಿಂಗಳ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಅದು.

ಹಾಗೆ ಶುರುವಾಯ್ತು ನನ್ನ ಅಡುಗೆಮನೆಯ ಕಾರ್ಖಾನೆ. ಕೊಳವೆಗಳನ್ನ ನಾನು ಸ್ಯಾನಿಟೈಸರಿನಲ್ಲಿ ಅದ್ದಿ ಬಿಸಿಲಿಗಿಟ್ಟೆ. ಆಗ ಹಾಲಿನ ಕ್ಯಾನು, ಬಾಳೆಹಣ್ಣು ಎಲ್ಲವನ್ನೂ ಒರೆಸ್ತಿದ್ದ ಕಾಲ, ತೋಟೆ ಏನು ಮಹಾ. ಕೆಮ್ಮಿನ ಸಿರಪ್ಪಿನ ಪುಟ್ಟ ಮುಚ್ಚಳ ಅಪ್ಪನ ಅಳತೆ ಆಯ್ತು. ಮೊದಲು ಒಂದು ಅಳತೆ ರವೆ. ಮೇಲೆ ಕೊರಿಯರ್ ಡಬ್ಬಿಯಿಂದ ದುಂಡಗೆ ಕತ್ತರಿಸಿದ ರಟ್ಟು. ಅದರ ಮೇಲೆ ಸಾಸಿವೆ. ಮತ್ತೆ ರಟ್ಟು. ಕೊನೆಗೆ ಮೇಣದಬತ್ತಿಯ ಮೇಣ. ಸುಡುವ ಗುಣ ಒಂದಿಷ್ಟೂ ಇಲ್ಲದ ರವೆಗೂ ಅಪ್ಪ ಕಾನೂನು ಸಡಿಲ ಮಾಡಲಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಒಲೆ ಹಚ್ಚೋ ಹಾಗಿಲ್ಲ. ಮೇಣವನ್ನ ಹಿತ್ತಿಲಿಗೆ ಒಯ್ದು ಕರಗಿಸಬೇಕು.

"ಅಪ್ಪಾ, ಅದು ರವೆ."

"ಇವತ್ತು ರವೆ. ಕೈಗೆ ಗೊತ್ತಾಗುವುದಿಲ್ಲ ಅದು."

ಎದುರು ಕೂತು ನೋಡು ಅಂತ ಎರಡು ಸಲ ಕೇಳಿದರು. ಮೀಟಿಂಗ್ ಇದೆ ಅಂದೆ. ಮೂರನೇ ಸಲ ಕೇಳಲಿಲ್ಲ.

ಕಷ್ಟ ಬಂದದ್ದು ಕರೆದರೆ ಖಾಲಿ ಮಾಡಬೇಕು ಅನ್ನೋ ಕಾನೂನಿನಿಂದ. ಊರಲ್ಲಿ ಅಪ್ಪ ಕೂತರೆ ಅಮ್ಮ ಇಡೀ ಮನೆಗೆ ಬಾಯಿ ಮುಚ್ಚಿಸ್ತಿದ್ದಳು. ಇಲ್ಲಿ ಕೊರಿಯರಿನವನು ಬೆಲ್ ಒತ್ತಿದ, ಖಾಲಿ. ಕುಕ್ಕರ್ ಕೂಗಿತು, ಖಾಲಿ, ಜೊತೆಗೆ ಹನ್ನೊಂದಕ್ಕೆ ಮುಂಚೆ ಒಲೆ ಹಚ್ಚಿದ್ದಕ್ಕೆ ನನಗೆ ಬೈಗುಳ. ಪಕ್ಕದ ಮನೆಯವನು ಗೋಡೆಯಿಂದ ಹೇಗಿದ್ದೀರಾ ಅಂತ ಕೂಗಿದ, ಅಪ್ಪ "ಗ್ರ್ಯಾಂಡ್" ಅಂತ ಕೂಗಿ ಉತ್ತರ ಕೊಟ್ಟು, ಖಾಲಿ. ಒಂದು ವಾರದಲ್ಲಿ ತಯಾರಾದದ್ದು ಆರು ತೋಟೆ. ನನ್ನ ಸಾರಿಗೆ ಒಗ್ಗರಣೆ ನಿಂತೇಹೋಗಿತ್ತು. ಗಂಡ ಊಟಕ್ಕೆ ಕೂತು, "ಏನೋ ಕಮ್ಮಿ ಅನ್ಸುತ್ತೆ," ಅಂದಾಗ, "ಅದು ಯುದ್ಧಕ್ಕೆ ಹೋಗಿದೆ," ಅಂದೆ.

ಮೇ ತಿಂಗಳಲ್ಲಿ ಒಂದು ದಿನ ಆಫೀಸಿನ ವಿಡಿಯೋ ಮೀಟಿಂಗ್. ತೂಕ ಹೆಚ್ಚಾದ ಒಂದು ಬ್ಯಾಚಿನ ಬಗ್ಗೆ ಚರ್ಚೆ. ನಾನು ಭಾರಿ ಗತ್ತಿನಲ್ಲಿ, ಒಂದು ಮಾತ್ರೆ ತಪ್ಪಿದರೂ ಮುಲಾಜಿಲ್ಲ, ತಿರಸ್ಕರಿಸಿ ಅಂತ ಹೇಳ್ತಿದ್ದೆ. ಪರದೆಯಲ್ಲಿ ಎಲ್ಲರ ಕಣ್ಣು ನನ್ನ ತಲೆಯ ಪಕ್ಕಕ್ಕೆ ಹೊರಳಿತು. ತಿರುಗಿ ನೋಡಿದರೆ ಹಿಂದೆ ಅಪ್ಪ ಒಂದು ಕೆಂಪು ತೋಟೆಯನ್ನ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡ್ತಿದ್ದಾರೆ. ಪಕ್ಕದಲ್ಲಿ ಇನ್ನೂ ಹತ್ತು, ಸಿಪಾಯಿಗಳ ಹಾಗೆ ಸಾಲಾಗಿ.

"ಅದು ಕಾರ್ಟ್ರಿಜ್ಜಾ?" ಅಂದಳು ನನ್ನ ಮೇಲಧಿಕಾರಿ, ತುಂಬ ಮೆಲ್ಲಗೆ.

"ಇಲ್ಲ ಇಲ್ಲ, ರವೆ," ಅಂದೆ. ಅದಕ್ಕಿಂತ ಪೆದ್ದು ಉತ್ತರ ನನ್ನ ಜನ್ಮದಲ್ಲೇ ಕೊಟ್ಟಿಲ್ಲ. ಆಮೇಲೆ ತಿರುಗಿ "ಅಪ್ಪಾ!" ಅಂತ ಕಿರುಚಿದೆ. ಅಪ್ಪ ನನ್ನನ್ನ ದುರುಗುಟ್ಟಿ ನೋಡಿ, ಎಲ್ಲರ ಎದುರೇ ಆ ತೋಟೆಯನ್ನ ತಟ್ಟೆಗೆ ಕೊಡವಿ ಖಾಲಿ ಮಾಡಿದರು. ರವೆ ಸುರೀತು. ಮೀಟಿಂಗ್ ಮುಗಿದ ಮೇಲೆ ಮೇಲಧಿಕಾರಿಯಿಂದ ಮೆಸೇಜು, ಮನೆಯಲ್ಲಿ ಎಲ್ಲ ಸರಿ ಇದೆಯಾ, ಯಾರ ಜೊತೆಯಾದರೂ ಮಾತಾಡಬೇಕು ಅನ್ಸಿದರೆ ಸಂಕೋಚ ಬೇಡ ಅಂತ. ಗ್ರ್ಯಾಂಡ್ ಅಂತ ಉತ್ತರ ಬರೆದೆ.

ಅದಕ್ಕಿಂತ ಹೆಚ್ಚು ಮರ್ಯಾದೆ ಹೋದದ್ದು ಜೂನಿನಲ್ಲಿ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಬೆಲ್ ಆಯ್ತು. ಬಾಗಿಲು ತೆಗೆದರೆ ಪೊಲೀಸ್, ಇಲ್ಲಿನವರು ಗಾರ್ಡ ಅಂತಾರೆ. ಎಳೆ ವಯಸ್ಸಿನ ಹುಡುಗ, ಮಾಸ್ಕು ಹಾಕಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಊರಿನ ವಯಸ್ಸಾದವರ ಮನೆಗಳಿಗೆ ಹೋಗಿ ವಿಚಾರಿಸ್ತಿದ್ದೀವಿ, ಇಲ್ಲಿ ಹಿರಿಯರಿದ್ದಾರೆ ಅಂತ ಪಕ್ಕದ ಮನೆಯವರು ಹೇಳಿದರು, ಔಷಧಿ, ದಿನಸಿ ಏನಾದರೂ ತಂದುಕೊಡಬೇಕಾ ಅಂತ ಕೇಳಿದ. ಪೊಲೀಸಿನವನು ಮನೆ ಬಾಗಿಲಿಗೆ ಬಂದು ದಿನಸಿ ಬೇಕಾ ಅಂತ ಕೇಳೋದು! ನನಗೆ ಕಣ್ಣಲ್ಲಿ ನೀರು ಬಂತು. ಸಾಸಿವೆ ಅಂತ ಬಾಯಿ ತುದಿಗೆ ಬಂದಿತ್ತು, ತಡೆದುಕೊಂಡೆ.

ಅಷ್ಟರಲ್ಲಿ ಅಪ್ಪ ಒಳಗಿನಿಂದ ಸಮವಸ್ತ್ರ ನೋಡಿದ್ದಾರೆ. ನಮ್ಮೂರಿನಲ್ಲಿ ಪ್ರತಿ ಎಲೆಕ್ಷನ್ನಿಗೂ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಯ್ದು ಡೆಪಾಸಿಟ್ ಮಾಡಬೇಕು, ರಸೀದಿ ತಗೋಬೇಕು, ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ವಾಪಸ್ ತರಬೇಕು. ಅಪ್ಪ ಐವತ್ತು ವರ್ಷದಿಂದ ಮಾಡಿದ್ದು ಅದನ್ನೇ. ಪೊಲೀಸು ಕೋವಿಯ ಮನೆಗೆ ಬಂದ ಅಂದರೆ ಅವರಿಗೆ ಅರ್ಥ ಒಂದೇ. ನಾನು ಬಾಯಿ ತೆಗೆಯೋದರೊಳಗೆ ಶೂ ಡಬ್ಬಿ ಹಿಡಿದು ಬಂದರು, ಹದಿನಾಲ್ಕು ತೋಟೆಗಳಿದ್ದ ಡಬ್ಬಿಯನ್ನ ಮೆಟ್ಟಿಲ ಮೇಲೆ ಇಟ್ಟರು, ನಿಯಮದ ಪ್ರಕಾರ ಎರಡು ಮೀಟರ್ ಹಿಂದೆ ಸರಿದು ಕೈಕಟ್ಟಿ ನಿಂತರು.

"ಡೆಪಾಸಿಟ್," ಅಂದರು ಇಂಗ್ಲಿಷಿನಲ್ಲಿ. "ರಿಸೀಟ್ ಪ್ಲೀಸ್."

ಗಾರ್ಡ ಹುಡುಗ ಡಬ್ಬಿ ನೋಡಿದ, ಅಪ್ಪನನ್ನ ನೋಡಿದ, ನನ್ನನ್ನ ನೋಡಿದ. ಅವನ ಮುಖದ ಅರ್ಧ ಮಾಸ್ಕಿನೊಳಗಿತ್ತು, ಉಳಿದರ್ಧ ಬಿಳಿಚಿಕೊಂಡಿತು. ನಾನು ಒಂದೇ ಉಸಿರಿನಲ್ಲಿ ಮಂಗ, ಬಾಳೆ, ಎಲೆಕ್ಷನ್, ಅಣ್ಣನ ಉಡಿದಾರ, ರವೆ, ಸಾಸಿವೆ ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷು ನನಗೇ ಅರ್ಥ ಆಗ್ತಿರಲಿಲ್ಲ. ಒಂದನ್ನ ಬಿಚ್ಚಿ ನೋಡಬಹುದಾ ಅಂತ ಕೇಳಿದ. ಬಿಚ್ಚಿ ಅಂದೆ. ಗ್ಲೌಸು ಹಾಕಿಕೊಂಡು ಚಾಕುವಿನಿಂದ ಮೇಣ ಎಬ್ಬಿಸಿದ. ಸಾಸಿವೆ ಟಣಟಣ ಅಂತ ಮೆಟ್ಟಿಲಿಳಿದು ಓಡಿತು. ಹಿಂದೆಯೇ ರವೆ.

ಅವನು ಗೋಡೆಗೆ ಒರಗಿ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿತು. ಆಮೇಲೆ ಗಂಭೀರವಾಗಿ, ಲೈಸೆನ್ಸ್ ಇಲ್ಲದೆ ನಿಜವಾದದ್ದನ್ನ ಮನೆಯಲ್ಲಿ ತುಂಬೋದು ಇಲ್ಲಿ ದೊಡ್ಡ ಅಪರಾಧ, ಆದರೆ ಬೆಳಗಿನ ತಿಂಡಿ ತುಂಬೋದಕ್ಕೆ ಯಾವ ಕಾನೂನೂ ಇಲ್ಲ ಅಂದ. ಅಪ್ಪ ಕದಲಲಿಲ್ಲ. "ರಿಸೀಟ್," ಅಂದರು ಮತ್ತೆ. ಪುಣ್ಯಾತ್ಮ, ತನ್ನ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟ: ಪರೀಕ್ಷೆಗೆ ತೆಗೆದುಕೊಂಡದ್ದು ಒಂದು, ಹಿಂದಿರುಗಿಸಿದ್ದು ಹದಿಮೂರು. ಅಪ್ಪ ಅದನ್ನ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ಊರಿಗೆ ಹೋದ ಮೇಲೆ ಆ ಚೀಟಿಗೆ ಫ್ರೇಮ್ ಹಾಕಿಸಿದ್ದಾರೆ ಅಂತ ಅತ್ತಿಗೆ ಹೇಳಿದಳು.

ಆಗಸ್ಟಿನಲ್ಲಿ ವಿಶೇಷ ವಿಮಾನದಲ್ಲಿ ಅಪ್ಪನಿಗೆ ಸೀಟು ಸಿಕ್ಕಿತು. ಊರಿಗೆ ಹೋಗಿ ಕ್ವಾರಂಟೈನ್ ಮುಗಿಯೋ ಹೊತ್ತಿಗೆ ಸರಿಯಾಗಿ ಕೈಲ್ ಮುಹೂರ್ತ. ಪಂದ್ಯ ನಡೀಲಿ ಬಿಡಲಿ, ಕೀ ಕೈಗೆ ಬಂದರೆ ಸಾಕು ಅಂತಿದ್ದರು. ಹೊರಡೋಕೆ ಮೂರು ದಿನ ಇರುವಾಗ ಪರೀಕ್ಷೆ ಇಟ್ಟುಕೊಂಡೆವು. ಹಳೆಯದೆಲ್ಲ ಬಿಚ್ಚಿ, ಇಪ್ಪತ್ತೈದನ್ನೂ ಒಂದೇ ದಿನ ಹೊಸದಾಗಿ ತುಂಬಿದರು. ಬೆಳಿಗ್ಗೆ ಎಂಟಕ್ಕೆ ಕೂತವರು. ನಾನು ಮಹಡಿಯಲ್ಲಿ ಅವರ ಸೂಟ್‌ಕೇಸ್ ಜೋಡಿಸ್ತಿದ್ದೆ. ಮಧ್ಯದಲ್ಲಿ ಒಂದೇ ಸಲ, ಅಭ್ಯಾಸಬಲ, "ಅಪ್ಪಾ, ಕಾಫಿ ಮಾಡ್ಲಾ?" ಅಂತ ಮೇಲಿಂದ ಕೂಗಿದೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. "ಬೇಡ," ಅಂತ ಉತ್ತರ ಬಂತು.

ಪ್ರತಿ ತೋಟೆಯ ಬುಡದಲ್ಲಿ ನಂಬರ್ ಬರೆದಿದ್ದರು. ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಜಿನ ಮೇಲಿಟ್ಟೆ. ಪರೀಕ್ಷೆ ಮಾಡುವವರ ಮುಖ ನೋಡಬಾರದು ಅಂತ ಅಪ್ಪ ಕಿಟಕಿ ಕಡೆ ತಿರುಗಿ ನಿಂತರು. ಕೈ ಹಿಂದೆ ಕಟ್ಟಿದ್ದರು. ಆ ಬೆರಳುಗಳು ಒಂದನ್ನೊಂದು ತಿಕ್ಕುತ್ತಿದ್ದವು.

ಒಂದು, ಎರಡು, ಮೂರು, ಎಲ್ಲ ಒಂದೇ ತೂಕ. ಏಳನೆಯದು ಎರಡು ಗ್ರಾಂ ಹೆಚ್ಚು. ತಕ್ಕಡಿ ಒರೆಸಿ ಮತ್ತೆ ಇಟ್ಟೆ. ಎರಡು ಗ್ರಾಂ ಹೆಚ್ಚೇ. ಒಂದು ಮುಚ್ಚಳ ರವೆಯ ತೂಕ ಎರಡು ಗ್ರಾಂ ಅಂತ ಆ ಹೊತ್ತಿಗೆ ನನಗೆ ಬಾಯಿಪಾಠ ಆಗಿತ್ತು. ಮುಂದೆ ಹೋದೆ. ಹತ್ತೊಂಬತ್ತನೆಯದೂ ಹಾಗೇ.

ಅಪ್ಪನ ಬೆನ್ನು ನೋಡಿದೆ. ನಾಲ್ಕು ತಿಂಗಳು ಒಂದು ಕೀಗೋಸ್ಕರ ಮುಚ್ಚಳದಲ್ಲಿ ರವೆ ಅಳೆದ ಮನುಷ್ಯ. ಇಪ್ಪತ್ತೈದು ಮುಗಿಸಿ ತಕ್ಕಡಿ ಆರಿಸಿದೆ.

"ಗ್ರ್ಯಾಂಡ್ ಅಪ್ಪಾ. ಎಲ್ಲ ಒಂದೇ."

ಅಪ್ಪ ತಿರುಗಲಿಲ್ಲ. "ಬರೆದು ಕೊಡು," ಅಂದರು. ಬರೆದೆ, ಸಹಿ ಹಾಕಿದೆ. ಅಪ್ಪ ಬಂದು ಕಾಗದ ಓದಿದರು, ಮಡಚಿದರು. ಆಮೇಲೆ ಸಾಲಿನಿಂದ ಏಳನೇ ತೋಟೆಯನ್ನ ಎತ್ತಿ ನನ್ನ ಮುಂದೆ ಟಕ್ ಅಂತ ಇಟ್ಟರು.

"ಇದಕ್ಕೆ ನಾನೇ ಬೇಕಂತ ಎರಡಳತೆ ಹಾಕಿದ್ದು. ನೀನು ಸರಿ ನೋಡ್ತೀಯಾ ಅಂತ. ಥೂ! ಮಾತ್ರೆ ಕಂಪನಿಯಲ್ಲಿ ಇದೇನಾ ನೀನು ಮಾಡೋದು? ಇನ್ನು ನಿಮ್ಮ ಕಂಪನಿಯ ಮಾತ್ರೆ ನಾನು ಸತ್ತರೂ ನುಂಗುವುದಿಲ್ಲ."

ನನಗೆ ಅಳು, ಸಿಟ್ಟು, ನಗು ಮೂರೂ ಒಟ್ಟಿಗೆ ಬಂತು. ಎಪ್ಪತ್ತೆರಡರ ಮುದುಕ ನನ್ನನ್ನೇ ಪರೀಕ್ಷೆಗೆ ಹಾಕಿದ್ದ. ಅಪ್ಪ ಬೈಯುತ್ತಲೇ ಇದ್ದರು, ಆದರೆ ಮುಖದಲ್ಲಿ ಗೆದ್ದವರ ಹಿಗ್ಗು.

"ನಿನ್ನ ಅಮ್ಮ ನಲವತ್ತು ವರ್ಷ ನೋಡಿದಳು. ಒಂದು ದಿನವೂ ನನ್ನ ಮುಖ ನೋಡಿ ಸುಳ್ಳು ಹೇಳಲಿಲ್ಲ. ಹಾಗಾಗಿ ನನ್ನ ಹತ್ತು ಬೆರಳೂ ಉಂಟು ಇವತ್ತು. ಹೋಗಲಿ ಬಿಡು. ಈಗ ಸರಿಯಾಗಿ ಹೇಳು. ನಾನು ಬೇಕಂತ ಮಾಡಿದ ಇದೊಂದು ಬಿಟ್ಟರೆ ಉಳಿದ ಇಪ್ಪತ್ತನಾಲ್ಕೂ ಸರಿ ಉಂಟು. ಅಲ್ವಾ?"

ಹೌದು ಅಂತ ಒಂದು ಮಾತು ಹೇಳಿದ್ದರೆ ಮುಗೀತಿತ್ತು. ಹೇಳೋಣ ಅಂತಲೇ ಇದ್ದೆ. ಅಣ್ಣನ ನೇರಳೆ ಭುಜ ನೆನಪಾಯ್ತು. ಬೀನ್ಸಿನ ಮೇಲಿಂದ ಕಣ್ಣೆತ್ತಿ, ಅದು ಎರಡಾಯ್ತು, ಚೆಲ್ಲಿ ಅನ್ನೋ ಅಮ್ಮನೂ ನೆನಪಾದಳು.

"ಇಲ್ಲ ಅಪ್ಪಾ," ಅಂದೆ. "ಹತ್ತೊಂಬತ್ತನೆಯದೂ ಎರಡಾಗಿದೆ."

ಅಪ್ಪನಿಗೆ ಮೊದಲು ಅರ್ಥ ಆಗಲಿಲ್ಲ. ತಕ್ಕಡಿ ತಾವೇ ಎಳೆದುಕೊಂಡು, ಹತ್ತೊಂಬತ್ತನ್ನ ಇಟ್ಟರು, ತೆಗೆದರು, ಇಟ್ಟರು. ಚಾಕುವಿನಿಂದ ಮೇಣ ಬಿಡಿಸಿ ತಟ್ಟೆಗೆ ಸುರಿದರು. ರವೆಯ ಗುಡ್ಡೆಯನ್ನ ಬೆರಳಿನಿಂದ ಎರಡು ಪಾಲು ಮಾಡಿ, ಮುಚ್ಚಳದಲ್ಲಿ ಒಂದೊಂದಾಗಿ ಅಳೆದರು. ಎರಡೂ ಸರಿಯಾಗಿ ತುಂಬಿದವು.

"ನೀನು ಕಾಫಿಗೆ ಕರೆದೆ ಅಲ್ವಾ," ಅಂದರು ಮುಚ್ಚಳ ಕೆಳಗಿಟ್ಟು. "ಖಾಲಿ ಮಾಡಿದ್ದೆ ಅಂತಲೇ ನನ್ನ ನೆನಪು."

"ಕರೆದದ್ದು ನನ್ನ ತಪ್ಪು."

"ಕರೆಯುವವರು ಯಾವಾಗಲೂ ಇರ್ತಾರೆ ಮಗಳೇ."

ನಾನು ಗೊಳೋ ಅಂತ ಅತ್ತೆ. ಅಪ್ಪ ಅಳಲಿಲ್ಲ. ನನ್ನ ಸರ್ಟಿಫಿಕೇಟನ್ನ ಹರಿದು, ಅದರಿಂದಲೇ ಮೇಜಿನ ಮೇಲಿನ ರವೆ ಗುಡಿಸಿ ತಟ್ಟೆಗೆ ಹಾಕಿದರು. ಆಮೇಲೆ ಫೋನ್ ಕೇಳಿದರು.

ಅಪ್ಪನ ದನಿ ಕೇಳಿದ ಕೂಡಲೇ ಅಣ್ಣ, "ಏನಾಯ್ತು ಅಪ್ಪ ಪರೀಕ್ಷೆ?" ಅಂದ. ಅವನ ದನಿಯಲ್ಲಿ ಹೆದರಿಕೆ ಇತ್ತು. ಅಪ್ಪ ಗೆಲ್ಲಲಿ ಅಂತ ಅವನಿಗೂ ಆಸೆ ಇತ್ತು ಅಂತ ನನಗೆ ಆಗ ಗೊತ್ತಾಯ್ತು.

"ನಿನ್ನ ತಂಗಿ ಮೊದಲನೇ ಸಲ ಫೇಲು, ಎರಡನೇ ಸಲಕ್ಕೆ ಪಾಸು," ಅಂದರು ಅಪ್ಪ. "ನಾನು ಫೇಲು. ಕೀ ನಿನ್ನ ಉಡಿದಾರದಲ್ಲೇ ಇರಲಿ ಮಗಾ. ಆ ಭುಜ ಈಗ ನೋಯುವುದಿಲ್ಲ ತಾನೆ?"